ಕಂಬಳಿ ನೂಲಿನಲ್ಲಿ ಹೆಣಿಗೆ: ನನ್ನ ಅನುಭವ

ಚಳ್ಳಕೆರೆಯ ಕಂಬಳಿಯನ್ನು ಹೊದ್ದವರು ಅನೇಕರಿದ್ದರೂ, ಅದನ್ನು ನೇಯುವ ನೂಲನ್ನು ಹೆಣಿಗೆಯ ಕಡ್ಡಿಗೆ ಏರಿಸಿದವರು ನನ್ನ ಪರಿಚಯದಲ್ಲಿ ಯಾರೂ ಇರಲಿಲ್ಲ. ಅಂಗಡಿಯಲ್ಲಿ ಮೆರಿನೊ ಎಂಬ ನಯವಾದ ಉಣ್ಣೆಯ ಒಂದು ಉಂಡೆಗೆ ಕೊಡುವ ಹಣದಲ್ಲಿ ಈ ಕೈನೂಲಿನ ಹಲವು ಲಡಿಗಳು ಬರುತ್ತವೆ. ಚಿತ್ರದುರ್ಗ, ಬಳ್ಳಾರಿ, ಹಾವೇರಿ ಸೀಮೆಯ ಕುರಿಗಳ ಉಣ್ಣೆ ಒರಟೆಂಬ ಕಾರಣಕ್ಕೆ ಬೇಡಿಕೆ ಕುಸಿದು, ಎಷ್ಟೋ ಕಡೆ ತುಪ್ಪಟ ಕತ್ತರಿಸಿದ ಕೂಲಿಯೂ ಹುಟ್ಟದ ಸ್ಥಿತಿ ಇದೆ. ಈ ನೂಲಿನಿಂದ ಹೆಣಿಗೆಯಲ್ಲಿ ಏನು ಸಾಧ್ಯ, ಏನು ಸಾಧ್ಯವಿಲ್ಲ ಎಂಬುದನ್ನು ಕೈಯಾರೆ ನೋಡಬೇಕೆನಿಸಿ, ಕಂಬಳಿ ನೇಯುವ ಒಂದು ಮನೆಯಿಂದ ಕಪ್ಪು ನೂಲಿನ ಲಡಿಗಳನ್ನು ಕೊಂಡು ತಂದೆ.

ಅಗ್ಗದ ನೂಲು ಯಾವುದೇ ಇರಲಿ, ಅದರಲ್ಲಿ ಏನು ಸೇರಿದೆ ಎಂಬುದನ್ನು ಮೊದಲು ತಿಳಿಯಬೇಕು. ಒಂದು ಗೇಣು ನೂಲನ್ನು ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿದೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತೆಗೆದ ಕೂಡಲೇ ಉರಿ ಆರುತ್ತದೆ, ಉಳಿದ ಕರಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಬೆರೆತಿದ್ದರೆ ಕರಗಿ ಗಟ್ಟಿ ಮಣಿಯಾಗಿ ನಿಲ್ಲುತ್ತದೆ. ಹತ್ತಿಯಾದರೆ ಕಾಗದದಂತೆ ಉರಿದು ಬೂದಿಯಾಗುತ್ತದೆ. ನಾನು ತಂದದ್ದು ಅಪ್ಪಟ ಉಣ್ಣೆಯೇ ಆಗಿತ್ತು.

ಲಡಿಗಳಲ್ಲಿ ಎರಡು ಬಗೆ ಇದ್ದವು. ಹೊಕ್ಕಿಗೆ, ಅಂದರೆ ಮಗ್ಗದ ಅಡ್ಡ ಎಳೆಗೆ, ಬಳಸುವ ನೂಲು ಸಡಿಲವಾಗಿ, ನಯವಾಗಿ ಇತ್ತು. ಹಾಸಿಗೆ, ಅಂದರೆ ಮಗ್ಗದ ಉದ್ದ ಎಳೆಗೆ, ಬಳಸಿ ಉಳಿದ ತುಂಡುಗಳು ಇನ್ನೂ ಅಗ್ಗ. ಆದರೆ ಮಗ್ಗಕ್ಕೆ ಏರಿಸುವ ಮುನ್ನ ಹುಣಸೆ ಬೀಜದ ಗಂಜಿ ಹಚ್ಚಿರುವುದರಿಂದ ಅವು ಕಡ್ಡಿಯ ಹಾಗೆ ಬಿರುಸಾಗಿದ್ದವು. ಈ ಗಂಜಿ ತಣ್ಣೀರಿನಲ್ಲಿ ಉಬ್ಬುತ್ತದೆಯೇ ಹೊರತು ಚೆನ್ನಾಗಿ ಕರಗುವುದಿಲ್ಲ. ಆದ್ದರಿಂದ ಲಡಿಯನ್ನು ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಬಿಸಿನೀರಿನಲ್ಲಿ ಮುಳುಗಿಸಿ, ನೀರು ತಾನಾಗಿ ಆರುವವರೆಗೆ ಬಿಟ್ಟೆ. ಇಲ್ಲಿ ಕೈಯಾಡಿಸಬಾರದು, ಬಿಸಿನೀರಿನಲ್ಲಿ ಉಣ್ಣೆಯನ್ನು ತಿಕ್ಕಿದರೂ, ಬಿಸಿಯಿಂದ ಒಮ್ಮೆಲೇ ತಣ್ಣೀರಿಗೆ ಹಾಕಿದರೂ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಗಂಟಾಗುತ್ತವೆ. ನೀರು ತಿಳಿಯಾಗುವವರೆಗೆ ಇದನ್ನೇ ಪುನರಾವರ್ತಿಸಿ, ಟವಲಿನಲ್ಲಿ ಒತ್ತಿ ನೀರು ತೆಗೆದು, ಕೆಳಗೆ ಸ್ವಲ್ಪ ಭಾರ ಕಟ್ಟಿ ನೆರಳಿನಲ್ಲಿ ಒಣಗಿಸಿದೆ. ನೂಲಿನಲ್ಲಿ ಸಿಕ್ಕಿಕೊಂಡಿದ್ದ ಹುಲ್ಲುಕಡ್ಡಿ, ಮುಳ್ಳುಗಳನ್ನು ಉಂಡೆ ಸುತ್ತುವಾಗ ಆರಿಸಿದೆ.

ನಂತರದ್ದು ಮಾದರಿ ಚೌಕ (ನೂಲನ್ನು ಪರೀಕ್ಷಿಸಲು ಹೆಣೆಯುವ ಸಣ್ಣ ತುಂಡು), ಮತ್ತು ಇಡೀ ಪ್ರಯೋಗದ ತಿರುಳು ಇರುವುದು ಇದರಲ್ಲೇ. ಒಂದೇ ಎಳೆಯ ನೂಲನ್ನು 5.5 ಮಿಲಿಮೀಟರ್ ಕಡ್ಡಿಯಲ್ಲಿ ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಎಂಬ ಸಾಮಾನ್ಯ ಕ್ರಮದಲ್ಲಿ ಹೆಣೆದಾಗ, ಚೌಕವಾಗಬೇಕಿದ್ದ ತುಂಡು ಓರೆಯಾಗಿ ವಾಲಿತು. ಕೈಯಿಂದ ನೂತ ಒಂಟಿ ಎಳೆಯಲ್ಲಿ ಹುರಿ ಒಂದೇ ದಿಕ್ಕಿಗೆ ಇರುತ್ತದೆ. ಆ ಹುರಿ ಬಿಚ್ಚಿಕೊಳ್ಳಲು ಹವಣಿಸುವುದರಿಂದ ಪ್ರತಿ ಕುಣಿಕೆಯೂ ಅತ್ತಲೇ ಎಳೆಯುತ್ತದೆ. ಒಗೆದು ಪಿನ್ನು ಹಾಕಿ ಒಣಗಿಸಿದರೂ ಓರೆ ಕಡಿಮೆಯಾಯಿತೇ ಹೊರತು ಹೋಗಲಿಲ್ಲ. ಇದಕ್ಕೆ ಎರಡು ದಾರಿಗಳು ನನಗೆ ಸಿಕ್ಕವು. ಸೀದಾ ಕುಣಿಕೆಯ ಪಕ್ಕ ಉಲ್ಟಾ, ಅದರ ಮೇಲಿನ ಸಾಲಿನಲ್ಲಿ ಅದಲುಬದಲು ಎಂಬಂತೆ ಹೆಣೆದರೆ ಎಳೆತಗಳು ಪರಸ್ಪರ ಸರಿದೂಗಿ ತುಂಡು ನೆಟ್ಟಗೆ ನಿಲ್ಲುತ್ತದೆ. ಎರಡನೆಯದು, ತಕಲಿಯಲ್ಲಿ ಎರಡು ಎಳೆಗಳನ್ನು ಸೇರಿಸಿ, ನೂತ ದಿಕ್ಕಿಗೆ ವಿರುದ್ಧವಾಗಿ ಹುರಿ ಹಾಕುವುದು. ಎರಡೆಳೆಯ ನೂಲು ದಪ್ಪವಾಗುತ್ತದೆ, ಆದರೆ ಒಂಟಿ ಎಳೆಯ ತೆಳು ಜಾಗಗಳಲ್ಲಿ ಕಡಿಯುವ ತೊಂದರೆಯೂ ಇದರಿಂದ ಬಹುಮಟ್ಟಿಗೆ ತಪ್ಪುತ್ತದೆ. ಶ್ರಮ ಹೆಚ್ಚಾದರೂ ನನಗೆ ಮೆಚ್ಚಿಕೆಯಾದದ್ದು ಇದೇ ದಾರಿ.

ಬಿದಿರಿನ ಕಡ್ಡಿಯಲ್ಲಿ ಈ ನೂಲು ಅಂಟಿಕೊಂಡು ನಿಲ್ಲುತ್ತದೆ. ಉಕ್ಕಿನ ಕಡ್ಡಿಯಲ್ಲಿ ಸರಾಗವಾಗಿ ಜಾರುತ್ತದೆ. ಬೆಳಕಿನ ವಿಷಯವನ್ನೂ ಹೇಳಬೇಕು. ಕಪ್ಪು ನೂಲಿನ ಕುಣಿಕೆಗಳು ದೀಪದಡಿಯಲ್ಲಿ ಕಾಣಿಸುವುದಿಲ್ಲವಾದ್ದರಿಂದ ಹಗಲಿನಲ್ಲಿ, ಮಡಿಲ ಮೇಲೆ ಬಿಳಿ ಬಟ್ಟೆ ಹಾಸಿಕೊಂಡು ಹೆಣೆದೆ. ಕ್ರೋಶೆಯಲ್ಲಿ ಇದು ಇನ್ನೂ ಕಷ್ಟ: ಕೊಕ್ಕೆಯನ್ನು ಎಲ್ಲಿ ತೂರಿಸಬೇಕೆಂಬುದನ್ನು ಕಣ್ಣಿಗಿಂತ ಬೆರಳಿನಿಂದಲೇ ತಿಳಿಯಬೇಕಾಗುತ್ತದೆ.

ಆದರೆ ಈ ನೂಲಿನ ನಿಜವಾದ ಶಕ್ತಿ ಕಂಡದ್ದು ಕ್ರೋಶೆಯಲ್ಲೇ. 6 ಮಿಲಿಮೀಟರ್ ಕೊಕ್ಕೆಯಲ್ಲಿ ಬಿಗಿಯಾಗಿ ಹಾಕಿದ ಬುಟ್ಟಿ, ಒಳಗೆ ಯಾವ ಆಧಾರವೂ ಇಲ್ಲದೆ, ಗಂಜಿಯೂ ಇಲ್ಲದೆ ತನ್ನಷ್ಟಕ್ಕೆ ನೆಟ್ಟಗೆ ನಿಂತಿತು. ಮೃದುವಾದ ಅಕ್ರಿಲಿಕ್ ನೂಲಿನಲ್ಲಿ ನಾನು ಹಾಕಿದ ಯಾವ ಬುಟ್ಟಿಯೂ ಹಾಗೆ ನಿಂತಿರಲಿಲ್ಲ. ಜನರನ್ನು ಈ ಉಣ್ಣೆಯಿಂದ ದೂರ ಮಾಡಿರುವ ಒರಟುತನವೇ ಇಲ್ಲಿ ಕೆಲಸಕ್ಕೆ ಬಂದಿದೆ. ಸುಮಾರು 30 ಮೈಕ್ರಾನ್‌ಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪವಾದ ಎಳೆಯ ತುದಿ ಚರ್ಮಕ್ಕೆ ತಾಗಿದಾಗ ಬಾಗುವುದಿಲ್ಲ, ಚುಚ್ಚುತ್ತದೆ. ಮೆರಿನೊ ಎಳೆ ಅದಕ್ಕಿಂತ ಸಣ್ಣದಾದ್ದರಿಂದ ಬಾಗಿಬಿಡುತ್ತದೆ. ಎಳೆಯ ಇದೇ ಬಿಗಿತ ಬುಟ್ಟಿಗೆ ಬೆನ್ನೆಲುಬಾಗುತ್ತದೆ, ನೆಲಹಾಸಿಗೆ ಬಾಳಿಕೆ ಕೊಡುತ್ತದೆ. ಹೀಗಿರುವಾಗ ಇದನ್ನು ಕೀಳು ಉಣ್ಣೆ ಎಂದು ಕರೆಯುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೈಗೆ ನೇರವಾಗಿ ತಾಗುವ ಸ್ವೆಟರ್, ಮಫ್ಲರ್, ಮಕ್ಕಳ ಉಡುಪುಗಳಿಗೆ ಇದನ್ನು ಬಳಸಬೇಡಿ. ಎಷ್ಟು ಒಗೆದರೂ ಚುಚ್ಚುವುದು ನಿಲ್ಲುವುದಿಲ್ಲ. ಟೋಪಿಗೆ ಒಳಗಡೆ ಹಳೆಯ ಹತ್ತಿ ಸೀರೆಯ ಬಟ್ಟೆಯನ್ನು ಅಸ್ತರಾಗಿ ಕೊಟ್ಟೆ, ಅದು ಹಿತವಾಗಿದೆ. ಕುಳಿತುಕೊಳ್ಳುವ ಆಸನ, ನೀರಿನ ಬಾಟಲಿಯ ಚೀಲ, ಸಂತೆ ಚೀಲ ಇವೆಲ್ಲ ಚೆನ್ನಾಗಿ ಬಂದವು. ಇದು ಕುರಿಯ ಸಹಜ ಕಪ್ಪಾದ್ದರಿಂದ ಒಗೆದಾಗ ಬಣ್ಣ ಬಿಡುವ ಭಯವಿಲ್ಲ, ಆದರೆ ಸದಾ ಬಿಸಿಲಿನಲ್ಲಿದ್ದರೆ ಕಂದು ಬಣ್ಣಕ್ಕೆ ತಿರುಗುತ್ತದೆ. ಚೀಲ ಹಾಕುವವರು ಹಿಡಿಕೆಯ ಒಳಬದಿಗೆ ಹತ್ತಿಯ ಪಟ್ಟಿಯೊಂದನ್ನು ಹೊಲಿದುಬಿಡಬೇಕು. ತೆಂಗಿನಕಾಯಿ, ಕುಂಬಳಕಾಯಿ ಹೊತ್ತಾಗ ಚೀಲದ ಮೈ ಹಿಗ್ಗುವುದಕ್ಕಿಂತ ಮೊದಲು ಹಿಗ್ಗುವುದು ಹಿಡಿಕೆಯೇ.