ಅರವತ್ತೈದು ದಾಟಿದವರ ಶುಗರ್ ಸಂಭಾಳಿಸುವುದು ಹೇಗೆ?

ಮನೆಯ ಹಿರಿಯರಿಗೆ ಶುಗರ್ ಇದೆ ಅಂತ ಗೊತ್ತಾದ ಕೂಡಲೇ ಅಡುಗೆಮನೆಯಲ್ಲಿ ನಿಷೇಧಾಜ್ಞೆ ಜಾರಿಯಾಗುತ್ತದೆ. ಸಕ್ಕರೆ ಬಂದ್, ಅನ್ನ ಬಂದ್, ಬಾಳೆಹಣ್ಣು ಬಂದ್, ರಾತ್ರಿ ಊಟಕ್ಕೂ ಕತ್ತರಿ. ಬೆಂಗಳೂರಿನಲ್ಲಿರುವ ಮಗ ಫೋನ್ ಮಾಡಿ ‘ಫಾಸ್ಟಿಂಗ್ ಎಷ್ಟು ಬಂತು?’ ಎಂದು ಕೇಳುತ್ತಾನೆ. ನಂಬರ್ ಕಡಿಮೆ ಬಂದಷ್ಟೂ ಎಲ್ಲರಿಗೂ ಖುಷಿ.

ಆದರೆ ನಲವತ್ತೈದರ ಮಗನಿಗೆ ಹೊಂದುವ ಲೆಕ್ಕ ಎಪ್ಪತ್ತೈದರ ಅಪ್ಪನಿಗೆ ಹೊಂದುವುದಿಲ್ಲ. ಈ ವಯಸ್ಸಿನಲ್ಲಿ ಶುಗರ್ ಸ್ವಲ್ಪ ಮೇಲಿದ್ದರೆ ಅದರ ಕೆಡುಕು ವರ್ಷಗಟ್ಟಲೆ ನಿಧಾನಕ್ಕೆ ಬರುತ್ತದೆ. ಜಾಸ್ತಿ ಇಳಿದರೆ ಅವತ್ತೇ ರಾತ್ರಿ ಬಚ್ಚಲಲ್ಲಿ ಬಿದ್ದು ಸೊಂಟ ಮುರಿಯಬಹುದು. ಹಾಗಾಗಿ ಹಿರಿಯರ ವಿಷಯದಲ್ಲಿ ಮೊದಲು ನೋಡಬೇಕಾದದ್ದು ಶುಗರ್ ಕುಸಿಯಬಾರದು, ಮೈಯಲ್ಲಿನ ಕಸುವು ಕರಗಬಾರದು ಎಂಬುದನ್ನು. ನಂಬರ್ ಇಳಿಸುವ ಮಾತು ಅದರ ನಂತರ.

ಮೊದಲು ಗುರಿ ಎಷ್ಟೆಂದು ಕೇಳಿಕೊಳ್ಳಿ

ಡಾಕ್ಟರ್ ಹತ್ತಿರ ಹೋದಾಗ ‘ನಮ್ಮ ಅವ್ವನಿಗೆ ಎಷ್ಟು ಇದ್ದರೆ ಸಾಕು?’ ಎಂದು ನೇರವಾಗಿ ಕೇಳಿ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ, ಬೇರೆ ಕಾಯಿಲೆ ಹೆಚ್ಚಿಲ್ಲದ, ತಮ್ಮ ಕೆಲಸ ತಾವೇ ಮಾಡಿಕೊಳ್ಳುವ ಹಿರಿಯರಿಗೆ 7ರಿಂದ 7.5ರ ಒಳಗೆ ಇರಲಿ ಎನ್ನುತ್ತಾರೆ. ಹೃದಯ, ಕಿಡ್ನಿ ತೊಂದರೆ ಇದ್ದು, ಮರೆವೂ ಶುರುವಾಗಿದ್ದರೆ 8ರ ತನಕ ಸಡಿಲ ಬಿಡುತ್ತಾರೆ. ಅಂಥವರಿಗೆ ಬೆಳಗಿನ ಖಾಲಿ ಹೊಟ್ಟೆಯ ಶುಗರ್ 90ರಿಂದ 150ರ ನಡುವೆ ಇದ್ದರೆ ಗಾಬರಿ ಬೇಡ. ಹಾಸಿಗೆ ಹಿಡಿದವರಿಗೆ ಇನ್ನೂ ಸಡಿಲ.

ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ನಂಬರ್ ತಪ್ಪು ತೋರಿಸಬಹುದು. ಹಿಮೋಗ್ಲೋಬಿನ್ ಕಡಿಮೆ ಇರುವುದು ಗೊತ್ತಿದ್ದರೆ ಅದನ್ನೂ ಹೇಳಿ.

ತಟ್ಟೆಗೆ ಏನು ಮೊದಲು ಬರಬೇಕು

ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಭಾಗದಲ್ಲಿ ತುಂಗಭದ್ರಾ ಅಣೆಕಟ್ಟೆ 1953ರಲ್ಲಿ ಮುಗಿದು ಕಾಲುವೆ ನೀರು ಬಂದ ಮೇಲೆ ಸಿಂಧನೂರು, ಗಂಗಾವತಿ, ಕಾರಟಗಿ, ಸಿರುಗುಪ್ಪದ ಹೊಲಗಳು ಭತ್ತದ ಗದ್ದೆಗಳಾದವು. ಹಿಂದೆ ಹಬ್ಬಕ್ಕೆ ಮಾತ್ರ ಇದ್ದ ಅನ್ನ ಮೂರು ಹೊತ್ತಿನದ್ದಾಯಿತು. ಕುಷ್ಟಗಿ, ಲಿಂಗಸುಗೂರು, ಯಲಬುರ್ಗಾದ ಒಣಭೂಮಿಯಲ್ಲಿ ಇವತ್ತಿಗೂ ಜೋಳ, ಸಜ್ಜೆ ಉಳಿದಿವೆ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ. ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ನಾರು ಜಾಸ್ತಿ ಇದ್ದರೆ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ.

ಇಷ್ಟು ಹೇಳಿ ‘ರೊಟ್ಟಿ ತಿನ್ನಿ, ಅನ್ನ ಬಿಡಿ’ ಎಂದು ಮುಗಿಸುವವರೇ ಹೆಚ್ಚು. ಅಷ್ಟು ಸುಲಭವಲ್ಲ. ಜೋಳದಲ್ಲೂ ಮೂರರಲ್ಲಿ ಎರಡು ಪಾಲು ಪಿಷ್ಟವೇ. ಶುಗರ್‌ಗೆ ಒಳ್ಳೆಯದು ಅಂತ ನಾಲ್ಕು ರೊಟ್ಟಿ ಹಚ್ಚಿ ತಿಂದರೆ ಲಾಭವೇನೂ ಇಲ್ಲ. ಇನ್ನೊಂದು ಸಮಸ್ಯೆ ಹಲ್ಲಿನದು. ದವಡೆ ಹಲ್ಲು ಹೋದ ಅಜ್ಜಿ ಖಡಕ್ ರೊಟ್ಟಿ ಹೇಗೆ ತಿನ್ನಬೇಕು? ತಿನ್ನಲಾಗದೆ ಮೆತ್ತನೆಯ ಅನ್ನ, ತಿಳಿಸಾರಿಗೆ ಬಂದು ನಿಲ್ಲುತ್ತಾಳೆ. ಬೇಳೆ ತಳದಲ್ಲೇ ಉಳಿದಿರುತ್ತದೆ. ಪಿಷ್ಟ ಬಿಟ್ಟರೆ ಹೊಟ್ಟೆಗೆ ಬೇರೇನೂ ಬೀಳುವುದಿಲ್ಲ.

ಹಾಗಾಗಿ ಹೀಗೆ ಮಾಡಿ. ಆಗಷ್ಟೇ ಬಡಿದ ಮೆತ್ತನೆಯ ರೊಟ್ಟಿ ಒಂದು ಅಥವಾ ಒಂದೂವರೆ ಸಾಕು. ಖಡಕ್ ಆಗಿದ್ದರೆ ಮುರಿದು ಗಟ್ಟಿ ಬೇಳೆಯಲ್ಲಿ ಹತ್ತು ನಿಮಿಷ ನೆನೆಸಿ. ಜೋಳದ ನುಚ್ಚು ಆದೀತು. ಆದರೆ ಗಂಜಿಯಷ್ಟು ತೆಳುವಾಗಿ ಕುದಿಸಬೇಡಿ. ತೆಳುವಾದಷ್ಟೂ ಶುಗರ್ ಬೇಗ ಏರುತ್ತದೆ. ಮಡಕಿಕಾಳು, ಹೆಸರುಕಾಳನ್ನು ಚೆನ್ನಾಗಿ ಬೇಯಿಸಿ ಸೌಟಿನಿಂದ ಮಿದ್ದು ಕೊಡಿ. ಪುಂಡಿಪಲ್ಯ ಹೇಗೂ ಮೆತ್ತಗೇ ಇರುತ್ತದೆ. ಅದಕ್ಕೆ ಸೇರಿಸುವ ಜೋಳದ ನುಚ್ಚಿಗಿಂತ ಬೇಳೆ ಒಂದು ಹಿಡಿ ಹೆಚ್ಚಿರಲಿ. ಮೊಟ್ಟೆ ತಿನ್ನುವವರಾದರೆ ದಿನಕ್ಕೊಂದು, ಇಲ್ಲದವರಿಗೆ ಗಟ್ಟಿ ಮೊಸರು. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಪುಡಿ ಒಳ್ಳೆಯವೇ, ಆದರೆ ಉಪ್ಪು ನೋಡಿ ಹಾಕಿ. ಶುಗರ್ ಇದ್ದವರಿಗೆ ಬಿಪಿ ಜೊತೆಗಾರ.

ಹಿರಿಯರಿಗೆ ದಿನಕ್ಕೆ ತೂಕದ ಪ್ರತಿ ಕಿಲೋಗೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ಇದ್ದರೆ 60 ಗ್ರಾಂ ದಾಟಬೇಕು. ನಮ್ಮ ಅಜ್ಜ-ಅಜ್ಜಿಯರಲ್ಲಿ ಬಹಳ ಮಂದಿ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಕಿಡ್ನಿ ತೊಂದರೆ ಇದ್ದವರು ಮಾತ್ರ ಈ ಲೆಕ್ಕವನ್ನು ಡಾಕ್ಟರ್ ಹತ್ತಿರವೇ ಹಾಕಿಸಬೇಕು.

ಖರ್ಚಿಲ್ಲದ ಇನ್ನೊಂದು ಉಪಾಯವಿದೆ. ಮೊದಲು ಪಲ್ಯ ಮತ್ತು ಕಾಳು ತಿನ್ನಿ, ರೊಟ್ಟಿ-ಅನ್ನ ಆಮೇಲೆ. ಅದೇ ಊಟ, ಅಷ್ಟೇ ಪ್ರಮಾಣ. ಆದರೂ ಊಟದ ನಂತರದ ಶುಗರ್ ಕಡಿಮೆ ಏರುತ್ತದೆ. ಅನ್ನ ಬೇಕೇ ಬೇಕು ಅನ್ನುವವರಿಗೆ ಕೊನೆಯಲ್ಲಿ ಒಂದು ಸಣ್ಣ ಬಟ್ಟಲು ಕೊಡಿ. ಸುಮ್ನೆ ಜಗಳ ಯಾಕೆ?

ಇನ್ನು ನಮ್ಮ ಭಾಗದ ನಾಷ್ಟಾ. ಕಾಗದದ ಮೇಲೆ ವಗ್ಗರಣಿ (ಒಗ್ಗರಣೆ ಹಾಕಿದ ಮಂಡಾಳು, ಅಂದರೆ ಮಂಡಕ್ಕಿ), ಪಕ್ಕದಲ್ಲಿ ಎರಡು ಬಿಸಿ ಮಿರ್ಚಿ, ಆಮೇಲೆ ಸಿಹಿ ಚಹಾ. ಮಿರ್ಚಿ ಮೇಲಿನ ಎಣ್ಣೆ ಕಣ್ಣಿಗೆ ಕಾಣುತ್ತದೆ, ಅದಕ್ಕೇ ಎಲ್ಲರೂ ಮಿರ್ಚಿಯನ್ನು ಬೈಯುತ್ತಾರೆ. ಶುಗರ್ ಏರಿಸುವುದರಲ್ಲಿ ಮಂಡಾಳು ಅದಕ್ಕಿಂತ ಮುಂದೆ. ಉಬ್ಬಿದ ಅಕ್ಕಿ ಬಾಯಲ್ಲಿ ಕರಗಿದಷ್ಟೇ ಬೇಗ ಹೊಟ್ಟೆಯಲ್ಲೂ ಕರಗುತ್ತದೆ. ಪೂರ್ತಿ ಬಿಡಲಾಗದಿದ್ದರೆ ಮಂಡಾಳು ಅರ್ಧ ಮಾಡಿ, ಬೇಯಿಸಿದ ಕಾಳು, ಉಳ್ಳಾಗಡ್ಡಿ, ಸೌತೆಕಾಯಿ ಕಲಸಿ. ಮಿರ್ಚಿ ಯಾವಾಗಲೋ ಒಂದು.

ಚಹಾಕ್ಕೆ ಸಕ್ಕರೆ ಬದಲು ಬೆಲ್ಲ ಹಾಕಿದರೆ ಏನೂ ಉಳಿಯುವುದಿಲ್ಲ, ಎರಡೂ ಒಂದೇ. ಹಣ್ಣಿನಲ್ಲಿ ಪೇರಲ ಒಳ್ಳೆಯದು. ಮಾವು ಎರಡು ಹೋಳು ತಿನ್ನಿ, ಆ ಹೊತ್ತು ಅರ್ಧ ರೊಟ್ಟಿ ಬಿಡಿ. ಕಬ್ಬಿನ ಹಾಲು ಮಾತ್ರ ಬೇಡ. ಅಮಾವಾಸ್ಯೆಗೆ ಹೋಳಿಗೆ ಮಾಡಿದ್ದರೆ ಒಂದು ತಿಂದು ಅವತ್ತು ಅನ್ನ ಬಿಡಿ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹದಲ್ಲಿ ಮಾದಲಿ ಎಂಬ ಸಿಹಿಯ ಜೊತೆಗೆ ರೊಟ್ಟಿ, ಪಲ್ಯವೂ ಇರುತ್ತದೆ. ಮಾದಲಿ ರುಚಿಗೆ, ಹೊಟ್ಟೆ ತುಂಬುವುದು ರೊಟ್ಟಿ-ಪಲ್ಯದಲ್ಲಿ ಆಗಲಿ.

ಊಟ ಬದಲಿಸುವ ಮುನ್ನ ಡಾಕ್ಟರಿಗೆ ತಿಳಿಸಿ. ಅನ್ನ ಅರ್ಧಕ್ಕೆ ಇಳಿಸಿ ಗುಳಿಗೆ ಹಳೆಯಷ್ಟೇ ನುಂಗಿದರೆ ಶುಗರ್ ಕುಸಿಯಬಹುದು. ಉಪವಾಸಕ್ಕೂ ಇದೇ ಮಾತು. ಶ್ರಾವಣ ಸೋಮವಾರ ಹಿಡಿಯುವವರು, ರಂಜಾನ್ ರೋಜಾ ಇಡುವವರು ಒಂದು ತಿಂಗಳು ಮುಂಚೆಯೇ ಹೋಗಿ ಗುಳಿಗೆ, ಇನ್ಸುಲಿನ್ ಹೊತ್ತು ಬದಲಿಸಿಕೊಳ್ಳಬೇಕು.

ನಡಿಗೆಯ ಜೊತೆಗೆ ಕುರ್ಚಿ

ಊಟವಾದ ಮೇಲೆ 10–15 ನಿಮಿಷ ನಡೆದರೆ ಏರುತ್ತಿರುವ ಶುಗರ್ ತಗ್ಗುತ್ತದೆ. ದಿನಕ್ಕೆ ಮೂರು ಸಲ ಹೀಗೆ ಮಾಡಿದರೆ ಅರ್ಧ ಗಂಟೆಯಾದರೂ ಆಗುತ್ತದೆ. ರಾಯಚೂರು, ಬಳ್ಳಾರಿಯ ಏಪ್ರಿಲ್ ಬಿಸಿಲಿಗೆ 42 ಡಿಗ್ರಿ ಹೊಸದಲ್ಲ. ಮಧ್ಯಾಹ್ನದ ನಡಿಗೆ ಪಡಸಾಲೆಯಲ್ಲೇ ಆಗಲಿ, ಗೋಡೆಯಿಂದ ಗೋಡೆಗೆ.

ಬೆಳಿಗ್ಗೆ ಐದಕ್ಕೆದ್ದು ಖಾಲಿ ಹೊಟ್ಟೆಯಲ್ಲಿ ಮೈದಾನ ಸುತ್ತುವವರು ಒಂದು ವಿಷಯ ನೋಡಿಕೊಳ್ಳಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಇರುವ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಏನಾದರೂ ಸ್ವಲ್ಪ ತಿಂದು ಹೊರಡಿ. ಜೇಬಿನಲ್ಲಿ ಗ್ಲೂಕೋಸ್ ಪುಡಿಯ ಪೊಟ್ಟಣ ಇರಲಿ.

ನಡಿಗೆಯೊಂದರಿಂದ ತೊಡೆಯ ಕಸುವು ಉಳಿಯದು. ಗೋಡೆಗೆ ಒತ್ತಿ ಕುರ್ಚಿ ಇಡಿ. ಕೈ ಊರದೆ ಎದ್ದು ನಿಲ್ಲಿ, ನಿಧಾನವಾಗಿ ಕೂರಿ. ಶುರುವಿಗೆ ಐದು ಸಲ, ಆಮೇಲೆ ಹತ್ತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಕೈ ಊರದೆ ಏಳಲು ಆಗದಿದ್ದರೆ ಊರಿಯೇ ಏಳಿ. ಆಮೇಲೆ ಕಿಟಕಿ ಸರಳು ಹಿಡಿದು ಒಂಟಿ ಕಾಲಲ್ಲಿ ಹತ್ತು ಸೆಕೆಂಡ್ ನಿಲ್ಲಿ. ದೊಡ್ಡ ಸ್ನಾಯುಗಳು ಕೆಲಸ ಮಾಡಿದಾಗ ರಕ್ತದಲ್ಲಿನ ಸಕ್ಕರೆಯನ್ನು ಅವೇ ಹೀರಿಕೊಳ್ಳುತ್ತವೆ. ಬೀಳುವ ಭಯವೂ ಕಡಿಮೆಯಾಗುತ್ತದೆ.

ಶುಗರ್ ಕುಸಿದರೆ

ರಕ್ತದಲ್ಲಿ ಶುಗರ್ 70ಕ್ಕಿಂತ ಕೆಳಗಿಳಿದರೆ ಬೆವರು, ನಡುಕ, ಹಸಿವು ಬರುತ್ತವೆ ಎಂದು ಎಲ್ಲ ಕಡೆ ಓದಿರುತ್ತೀರಿ. ವಯಸ್ಸಾದವರಲ್ಲಿ ಎಷ್ಟೋ ಸಲ ಇವು ಯಾವುವೂ ಇರುವುದಿಲ್ಲ. ಅಜ್ಜ ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಡುತ್ತಾನೆ. ಸುಮ್ನೆ ಸಿಟ್ಟಾಗುತ್ತಾನೆ. ಮನೆಯೊಳಗೇ ದಾರಿ ತಪ್ಪಿದವರಂತೆ ನಿಲ್ಲುತ್ತಾನೆ. ‘ವಯಸ್ಸಾಯ್ತು, ಮರೆವು’ ಎಂದು ಬಿಟ್ಟುಬಿಡಬೇಡಿ. ಮೊದಲು ಗ್ಲುಕೋಮೀಟರ್ ತನ್ನಿ.

70ರ ಕೆಳಗಿದ್ದರೆ ತಕ್ಷಣ 3 ಟೀ ಚಮಚ, ಅಂದರೆ ಸುಮಾರು 15 ಗ್ರಾಂ, ಗ್ಲೂಕೋಸ್ ಪುಡಿ ನೀರಲ್ಲಿ ಕಲಸಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ ಕೊಡಿ. ಏರಿದ ಮೇಲೆ ಊಟ ಅಥವಾ ತಿಂಡಿ ಕೊಡಿ. ಮಷಿನ್ ಇಲ್ಲದಿದ್ದರೆ ಕಡಿಮೆ ಇದೆ ಎಂದುಕೊಂಡೇ ಕೊಡಿ.

ಗ್ಲೂಕೋಸ್ ಸಿಗದಿದ್ದರೆ ಸಕ್ಕರೆ ನೀರಾದರೂ ಆಯಿತು. ಆದರೆ ಗುಳಿಗೆಯ ಹಾಳೆಯ ಮೇಲೆ ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಎಂದು ಇದ್ದರೆ ಗ್ಲೂಕೋಸೇ ಬೇಕು. ಈ ಔಷಧಿಗಳು ಹೊಟ್ಟೆಯಲ್ಲಿ ಸಕ್ಕರೆ ಒಡೆಯುವುದನ್ನೇ ತಡೆಯುತ್ತವೆ, ಹಾಗಾಗಿ ಸಕ್ಕರೆ ನೀರು ಬೇಗ ಕೆಲಸ ಮಾಡುವುದಿಲ್ಲ. ಮೂರು ಔಷಧಿ ಸೇರಿಸಿದ ಗುಳಿಗೆಗಳಲ್ಲಿ ವೊಗ್ಲಿಬೋಸ್ ಇರುವುದು ಸಾಮಾನ್ಯ. ಇವತ್ತೇ ಹಾಳೆ ತಿರುಗಿಸಿ ಓದಿ.

ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ. ಪಕ್ಕಕ್ಕೆ ಹೊರಳಿಸಿ ಮಲಗಿಸಿ 108ಕ್ಕೆ ಫೋನ್ ಮಾಡಿ. ಒಮ್ಮೆ ಹೀಗಾದರೆ ಸರಿಹೋದ ಮೇಲೂ ಡಾಕ್ಟರಿಗೆ ತೋರಿಸಲೇಬೇಕು, ಗುಳಿಗೆ ಕಡಿಮೆ ಮಾಡಬೇಕಾಗಬಹುದು.

ಪಾದ, ಮುಳ್ಳು, ಬಿಸಿಲು

ಬಹಳ ವರ್ಷದ ಶುಗರ್ ಪಾದದ ಸ್ಪರ್ಶವನ್ನು ಕೊಲ್ಲುತ್ತದೆ. ಬಳ್ಳಾರಿ ಜಾಲಿಯ ಮುಳ್ಳು ಹವಾಯಿ ಚಪ್ಪಲಿಯನ್ನು ಸಲೀಸಾಗಿ ತೂರಿ ಬರುತ್ತದೆ. ಸ್ಪರ್ಶ ಇಲ್ಲದ ಪಾದಕ್ಕೆ ಅದು ಚುಚ್ಚಿದ್ದೇ ಗೊತ್ತಾಗುವುದಿಲ್ಲ. ವಾರದ ನಂತರ ಕೀವು ಬಂದು ವಾಸನೆ ಹಿಡಿದಾಗಲೇ ಮನೆಯವರು ನೋಡುವುದು. ಹೊಲಕ್ಕೆ ಹೋಗುವವರು ದಪ್ಪ ಅಟ್ಟೆಯ, ಮುಂದೆ ಮುಚ್ಚಿದ ಚಪ್ಪಲಿ ಹಾಕಲಿ. ದಿನಾ ರಾತ್ರಿ ಕಾಲು ತೊಳೆದು, ಬೆರಳ ಸಂದು ಒರೆಸಿ, ನೆಲದ ಮೇಲೆ ಕನ್ನಡಿ ಇಟ್ಟು ಅಂಗಾಲು ನೋಡಿಕೊಳ್ಳಿ. ಕಣ್ಣು ಮಂಜಾಗಿದ್ದರೆ ಈ ಕೆಲಸ ಮೊಮ್ಮಕ್ಕಳಿಗೆ ವಹಿಸಿ.

ಹುಲಿಗೆಮ್ಮನ ಗುಡಿಯ ಅಂಗಳವಿರಲಿ, ಅಂಜನಾದ್ರಿಯ 575 ಮೆಟ್ಟಿಲಿರಲಿ, ಬೇಸಿಗೆಯಲ್ಲಿ ಬರಿಗಾಲಿಗೆ ಕಲ್ಲು ಬೊಕ್ಕೆ ಏಳಿಸುತ್ತದೆ. ಬಿಸಿಲೇರುವ ಮುನ್ನ ಹೋಗಿ, ದಪ್ಪ ಕಾಲುಚೀಲ ಹಾಕಿ. ಆಣಿ ಎದ್ದಿದ್ದರೆ ಬ್ಲೇಡಿನಿಂದ ಕೆತ್ತಬೇಡಿ.

ಬಿಸಿಲು ಇನ್ಸುಲಿನ್ನನ್ನೂ ಕೆಡಿಸುತ್ತದೆ. ಹೊಸ ಬಾಟಲಿಯನ್ನು ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಫ್ರೀಜರ್‌ನಲ್ಲಿ ಅಲ್ಲ. ಫ್ರಿಜ್ ಇಲ್ಲದ ಮನೆಯಲ್ಲಿ ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು, ನಡುವೆ ಮರಳು ತುಂಬಿ, ಮರಳಿಗೆ ದಿನಾ ಎರಡು ಸಲ ನೀರು ಹಾಕಿ. ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಳಗಿನ ಮಡಕೆಯಲ್ಲಿಟ್ಟು, ಮೇಲೆ ಒದ್ದೆ ಬಟ್ಟೆ ಮುಚ್ಚಿ. ನಮ್ಮ ಕಡೆಯ ಒಣಗಾಳಿಗೆ ಇದು ಚೆನ್ನಾಗಿ ತಂಪು ಹಿಡಿಯುತ್ತದೆ. ಗ್ಲುಕೋಮೀಟರ್ ಪಟ್ಟಿಗಳನ್ನೂ ಬಿಸಿಲಲ್ಲಿ, ಬೈಕಿನ ಡಿಕ್ಕಿಯಲ್ಲಿ ಬಿಡಬೇಡಿ.

ತಪಾಸಣೆಗೆ ಹೋಗುವಾಗ

ತಾಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳ ಎನ್‌ಸಿಡಿ (ಒಬ್ಬರಿಂದೊಬ್ಬರಿಗೆ ಅಂಟದ ಕಾಯಿಲೆಗಳ) ಕ್ಲಿನಿಕ್‌ನಲ್ಲಿ ಶುಗರ್, ಬಿಪಿ ಉಚಿತವಾಗಿ ನೋಡುತ್ತಾರೆ, ಗುಳಿಗೆಯನ್ನೂ ಕೊಡುತ್ತಾರೆ. ದೊಡ್ಡ ತೊಂದರೆಗೆ ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಬಳ್ಳಾರಿಯ ಬಿಎಂಸಿಆರ್‌ಸಿ (ಹಿಂದಿನ ವಿಮ್ಸ್) ಸರ್ಕಾರಿ ಆಸ್ಪತ್ರೆಗಳಿವೆ. ವರ್ಷಕ್ಕೊಮ್ಮೆ ಕಣ್ಣಿನ ಹಿಂಪದರ, ಮೂತ್ರದ ಅಲ್ಬುಮಿನ್, ಕಿಡ್ನಿ ಪರೀಕ್ಷೆ ಆಗಬೇಕು. ಬಹಳ ವರ್ಷದಿಂದ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದು ಪಾದ ಜೋಮು ಹಿಡಿಯುತ್ತಿದ್ದರೆ ಬಿ12 ಪರೀಕ್ಷೆ ಕೇಳಿ. ಮಾಂಸ, ಮೊಟ್ಟೆ ತಿನ್ನದವರಲ್ಲಿ ಅದರ ಕೊರತೆ ಜಾಸ್ತಿ.

ಮನೆಯಲ್ಲಿರುವ ಗುಳಿಗೆಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿಕೊಂಡು ಹೋಗಿ. ಸಂತೆಯಲ್ಲಿ ಕೊಂಡ ಪುಡಿ, ಯಾರೋ ಹೇಳಿದ ಕಷಾಯ, ಮೆಂತ್ಯ ಯಾವುದನ್ನೂ ಬಿಡಬೇಡಿ. ಡಾಕ್ಟರ್ ಬೈಯುತ್ತಾರೆ ಅಂತ ಮುಚ್ಚಿಟ್ಟರೆ, ಪುಡಿ ಮತ್ತು ಗುಳಿಗೆ ಎರಡೂ ಸೇರಿ ಶುಗರ್ ಕುಸಿದಾಗ ಕಾರಣ ಯಾವುದೆಂದು ಅವರಿಗೂ ಗೊತ್ತಾಗುವುದಿಲ್ಲ.