ಹಳೇ ಡೀಸೆಲ್ ಪಿಕಪ್ ನಡುದಾರಿಯಲ್ಲಿ ಆಫ್ ಆಗುವ ಕಾಯಿಲೆ: ನನ್ನ ಅನುಭವ

ಕೊನೆಗೂ ಗಾಡಿ ಸರಿಹೋಯಿತು. ನಾಲ್ಕು ತಿಂಗಳಲ್ಲಿ ಹತ್ತಿರ ಹತ್ತಿರ 6,000 ಕಿಲೋಮೀಟರ್ ಓಡಿದೆ, ಒಂದು ಸಲವೂ ಆಫ್ ಆಗಿಲ್ಲ. ‘ಡೀಸೆಲ್ ಪಂಪ್ ಹೋಗಿದೆ, ಸುಮ್ನೆ ಮಾರಿಬಿಡು’ ಎಂದವರೇ ಜಾಸ್ತಿ. ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿಗೆ 22 ವರ್ಷ. ಇಂಜಿನ್ನಿಗೆ ಡೀಸೆಲ್ ಒತ್ತಿ ಕೊಡುವುದು ಹಳೇ ಕಾಲದ ರೋಟರಿ ಪಂಪ್, ಕಂಪ್ಯೂಟರ್ ಗಿಂಪ್ಯೂಟರ್ ಏನೂ ಇಲ್ಲ. ಚೆನ್ನಾಗಿ ಓಡುತ್ತಿರುವಾಗಲೇ ಎರಡು ಸಲ ಜಗ್ಗುತ್ತಿತ್ತು, ಆಫ್ ಆಗುತ್ತಿತ್ತು. ಕೈಯಿಂದಲೇ ಡೀಸೆಲ್ ತುಂಬಿಸುವ ಹ್ಯಾಂಡ್ ಪ್ರೈಮರನ್ನು ಮೂವತ್ತು ನಲವತ್ತು ಸಲ ಒತ್ತಿದರೆ ಮತ್ತೆ ಸ್ಟಾರ್ಟ್. ಆಮೇಲೆ ವಾರಗಟ್ಟಲೆ ಏನೂ ಇಲ್ಲ. ಮೆಕ್ಯಾನಿಕ್ ಮುಂದೆ ಒಂದು ದಿನವೂ ಆಫ್ ಆಗಲಿಲ್ಲ.

ಮೊದಲು ಫಿಲ್ಟರ್ ಬದಲಿಸಿದೆ. ಎರಡು ವಾರಕ್ಕೆ ಮತ್ತೆ ನಿಂತಿತು. ಇನ್ನೊಂದು ಫಿಲ್ಟರ್ ಹಾಕಿದೆ, ಡೀಸೆಲ್ ಪೈಪ್ ಜೋಡಿಸುವ ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರ್ ಎಲ್ಲ ಹೊಸದು ಹಾಕಿದೆ. ಟ್ಯಾಂಕ್ ಮುಚ್ಚಳದ ಗಾಳಿತೂತು ಕಟ್ಟಿರಬಹುದು ಅಂತ ಮುಚ್ಚಳ ಸಡಿಲ ಬಿಟ್ಟು ಓಡಿಸಿದೆ. ಯಾರೋ ಹೇಳಿದರು ಅಂತ ಡೀಸೆಲ್‌ಗೆ ಟೂ ಸ್ಟ್ರೋಕ್ ಆಯಿಲ್ ಬೆರೆಸಿಯೂ ನೋಡಿದೆ. ಇಂಜಿನ್ ಸದ್ದು ಸ್ವಲ್ಪ ಮೆತ್ತಗಾದ ಹಾಗೆ ಅನ್ನಿಸಿತು, ಕಾಯಿಲೆ ಹಾಗೇ ಇತ್ತು.

ಕೊನೆಗೆ ಪಂಪ್ ಇಳಿಸಿ ಓವರ್‌ಹಾಲ್ ಮಾಡಿಸಿದೆ. ಬಿಲ್ಲು ಗಾಡಿಯ ಈಗಿನ ಬೆಲೆಯ ಕಾಲು ಭಾಗದಷ್ಟು ಬಂತು. ಹೊಗೆ ಕಡಿಮೆಯಾಯಿತು, ಎಳೆತ ಚೆನ್ನಾಯಿತು. ಒಂಬತ್ತನೇ ದಿನ ಏರು ರಸ್ತೆಯಲ್ಲಿ, ಹಿಂದೆ ಪೂರ್ತಿ ಲೋಡ್ ಇದ್ದಾಗ, ಮತ್ತೆ ಆಫ್. ಅಷ್ಟು ದುಡ್ಡು ಸುರಿದ ಮೇಲೆ ಹೀಗಾದರೆ ಹೊಟ್ಟೆ ಉರಿಯುತ್ತದೆ, ಅಲ್ವಾ?

ಅಲ್ಲಿಗೆ ಊಹೆ ಮಾಡುವುದು ಬಿಟ್ಟೆ. ಕೀ ಆಫ್ ಮಾಡಿದಾಗ ಕರೆಂಟ್ ಹೋಗಿ ಡೀಸೆಲ್ ನಿಲ್ಲಿಸುವ ಸ್ಟಾಪ್ ಸೊಲೆನಾಯ್ಡ್ ವೈರಿನಿಂದ ಒಂದು ಫ್ಯೂಸ್ ಹಾಕಿ 12 ವೋಲ್ಟಿನ ಪುಟ್ಟ ಬಲ್ಬನ್ನು ಡ್ಯಾಶ್‌ಬೋರ್ಡಿಗೆ ತಂದೆ. ಗಾಡಿ ನಿಲ್ಲುವಾಗ ಬಲ್ಬ್ ಆರಿದರೆ ವೈರಿಂಗ್ ಅಥವಾ ಕೀ ಸ್ವಿಚ್. ಉರಿಯುತ್ತಲೇ ಇದ್ದರೆ ಡೀಸೆಲ್ ಕಡೆ ನೋಡಬೇಕು. ಹನ್ನೊಂದು ದಿನ ಕಾದೆ. ಗಾಡಿ ಜಗ್ಗಿತು, ನಿಂತಿತು. ಬಲ್ಬ್ ಮಿಣುಕಲೂ ಇಲ್ಲ. ಕೀ ಸ್ವಿಚ್ ಬದಲಿಸು ಎನ್ನುತ್ತಿದ್ದವರ ಬಾಯಿ ಮುಚ್ಚಿತು.

ಆಮೇಲೆ ಫಿಲ್ಟರಿಗೆ ಡೀಸೆಲ್ ಬರುವ ಕಡೆ ಒಂದು ಗೇಣು ಪಾರದರ್ಶಕ ಪೈಪ್ ಸೇರಿಸಿದೆ. ಟ್ಯಾಂಕ್ ಅರ್ಧ ಇರುವಾಗ ಡೀಸೆಲ್ ಒಂದೇ ಸಮನೆ ಹರಿಯುತ್ತಿತ್ತು. ಡೀಸೆಲ್ ಇಳಿದಂತೆ ಸಾಸಿವೆಯಷ್ಟು ಒಂದು ಗುಳ್ಳೆ, ಸ್ವಲ್ಪ ಹೊತ್ತಿಗೆ ಇನ್ನೊಂದು, ಆಮೇಲೆ ಸಾಲು ಸಾಲು. ಎಲ್ಲಿಂದಲೋ ಏರ್ ತಗೊಳ್ಳುತ್ತಿದೆ, ಗಾಳಿ ಜಾಸ್ತಿ ಸೇರಿದಾಗ ಇಂಜಿನ್ ನಿಲ್ಲುತ್ತಿದೆ.

ಐದು ಲೀಟರ್ ಕ್ಯಾನ್ ಕಟ್ಟಿ ಅದರಿಂದಲೇ ಇಂಜಿನ್ ಓಡಿಸಿದೆ. ಮಿಕ್ಕ ಡೀಸೆಲ್ ವಾಪಸ್ ಬರುವ ರಿಟರ್ನ್ ಪೈಪನ್ನೂ ಕ್ಯಾನಿಗೇ ಹಾಕಬೇಕು, ಇಲ್ಲದಿದ್ದರೆ ಕ್ಯಾನಿನ ಡೀಸೆಲ್ಲೆಲ್ಲ ಟ್ಯಾಂಕಿಗೆ ಹೋಗುತ್ತದೆ. ಒಂದು ಗಂಟೆ ಓಡಿಸಿದರೂ ಒಂದು ಗುಳ್ಳೆ ಇಲ್ಲ. ಅಂದರೆ ತೊಂದರೆ ಹಿಂದೆ, ಟ್ಯಾಂಕಿನ ಕಡೆ ಇದೆ.

ಹಿಂದಿನ ರಬ್ಬರ್ ಪೈಪೆಲ್ಲ ಬದಲಿಸಿದೆ. ಎಳೆಯುವ ಕಡೆಯ ಸಣ್ಣ ತೂತಿನಲ್ಲಿ ಡೀಸೆಲ್ ಹೊರಗೆ ಜಿನುಗಬೇಕೆಂದೇನಿಲ್ಲ, ಗಾಳಿ ಒಳಗೆ ಹೋಗುತ್ತದೆ. ಒದ್ದೆ ಜಾಗ ಹುಡುಕಿ ನಾನು ಎರಡು ಭಾನುವಾರ ಗಾಡಿ ಕೆಳಗೆ ಮಲಗಿದ್ದೆ. ಪೈಪ್ ಬದಲಿಸಿದರೂ ಗುಳ್ಳೆ ಹೋಗಲಿಲ್ಲ.

ಆಗ ಹೊಳೆದದ್ದು ಎಲೆಕ್ಟ್ರಿಕ್ ಪಂಪ್. ಟ್ಯಾಂಕಿನ ಪಕ್ಕದಲ್ಲೇ ಕೂರಿಸಿದರೆ ಮುಂದಿನ ಲೈನಿಗೆಲ್ಲ ಪ್ರೆಶರ್ ಬರುತ್ತದೆ, ತೂತಿದ್ದರೆ ಡೀಸೆಲ್ ಹೊರಗೆ ಬರಲೇಬೇಕು. ಹಾಕಿದೆ. ಲೈನ್ ಪೂರ್ತಿ ಒಣಗಿತ್ತು, ಒಳಗೆ ಗುಳ್ಳೆ ಮಾತ್ರ ಬರುತ್ತಲೇ ಇತ್ತು! ಹಾಗಾದರೆ ತೂತು ಪಂಪಿಗಿಂತ ಹಿಂದೆ, ಟ್ಯಾಂಕಿನ ಒಳಗೇ ಇರಬೇಕು. ಗಾಡಿ ನಿಂತಾಗಲೆಲ್ಲ ಕಿಲೋಮೀಟರ್, ಗೇಜ್ ಎರಡನ್ನೂ ಬರೆದಿಟ್ಟಿದ್ದೆ, ಆ ಪುಸ್ತಕ ತೆಗೆದೆ. ಹದಿನಾಲ್ಕೋ ಹದಿನೈದೋ ಸಲ. ಒಂದು ಸಲವೂ ಮುಳ್ಳು ಮೂರನೇ ಒಂದು ಭಾಗಕ್ಕಿಂತ ಮೇಲಿರಲಿಲ್ಲ.

ಟ್ಯಾಂಕಿನೊಳಗಿನ ಗೇಜ್ ಯೂನಿಟ್ ಹೊರಗೆ ತೆಗೆದೆ, ಡೀಸೆಲ್ ಎಳೆಯುವ ಕೊಳವೆಯೂ ಅದರಲ್ಲೇ ಇದೆ. ತುಕ್ಕು ಹಿಡಿದು ಕಚ್ಚಿಕೊಂಡ ಅದರ ರಿಂಗನ್ನು ಟ್ಯಾಂಕ್ ಇಳಿಸದೆ ಹೇಗೆ ಬಿಡಿಸಿದೆ ಎನ್ನುವುದು ನನ್ನ ಕೈಗುಟ್ಟು, ಅದನ್ನು ಇಲ್ಲಿ ಹೇಳುವುದಿಲ್ಲ. ಆ ಕೊಳವೆಯ ಕೆಳತುದಿ ಬೆರಳಿನಿಂದ ಮುಚ್ಚಿ, ಡೀಸೆಲ್ ಬೋಗುಣಿಯಲ್ಲಿ ಅದ್ದಿ, ಮೇಲಿನಿಂದ ಗಾಳಿ ಬಿಟ್ಟೆ. ತುಕ್ಕಿನ ಒಂದು ಪಟ್ಟಿಯ ಕೆಳಗಿಂದ ಪುಟ್ಟ ಗುಳ್ಳೆಗಳು ಎದ್ದವು. ಒರೆಸಿ ಬೆಳಕಿಗೆ ಹಿಡಿದರೂ ತೂತು ಕಣ್ಣಿಗೆ ಕಾಣಲಿಲ್ಲ, ಸೂಜಿ ಮೊನೆ ಆಡಿಸಿದಾಗ ಸಿಕ್ಕಿತು. ಸರಿಯಾಗಿ ಮೂರನೇ ಒಂದು ಭಾಗದ ಎತ್ತರದಲ್ಲಿ. ಡೀಸೆಲ್ ಮೇಲಿದ್ದಾಗ ಆ ತೂತೂ ಡೀಸೆಲ್ಲೇ ಎಳೆಯುತ್ತದೆ, ಕೆಳಗಿಳಿದರೆ ಗಾಳಿ. ಏರಿನಲ್ಲಿ ಡೀಸೆಲ್ ಒಂದು ಕಡೆ ಸರಿದಾಗ ಇನ್ನೂ ಬೇಗ.

ಕೊಳವೆಯನ್ನು ಟ್ಯಾಂಕಿನಿಂದ ದೂರ ಒಯ್ದು, ತೊಳೆದು ಒಣಗಿಸಿ, ಬ್ರೇಜಿಂಗ್ (ಒಂದು ಬಗೆಯ ಬೆಸುಗೆ) ಮಾಡಿಸಿ ತೂತು ಮುಚ್ಚಿಸಿದೆ. ಜೊತೆಗೆ ಹೊಸ ಸೀಲ್. ಖರ್ಚು ಪಂಪ್ ಬಿಲ್ಲಿನ ನೂರರಲ್ಲಿ ಒಂದು ಪಾಲೂ ಇಲ್ಲ. ಇಷ್ಟು ಪಕ್ಕಾ ಹುಡುಕಿದ್ದಕ್ಕೆ ನನಗೆ ಹೆಮ್ಮೆಯಿದೆ.

ಎಲೆಕ್ಟ್ರಿಕ್ ಪಂಪ್ ಬಿಚ್ಚಿ ಇಟ್ಟಿದ್ದೇನೆ. ಪಾರದರ್ಶಕ ಪೈಪನ್ನೂ ತೆಗೆದೆ, ಡೀಸೆಲ್ ತಾಗಿ ತಾಗಿ ಅದು ಗಟ್ಟಿಯಾಗಿ ಸೀಳುತ್ತದೆ. ಬಲ್ಬ್ ಮಾತ್ರ ಹಾಗೇ ಬಿಟ್ಟಿದ್ದೇನೆ. ಮೊನ್ನೆ ಬೇಕಂತಲೇ ಮುಳ್ಳು ಕೆಂಪು ಗೆರೆಗೆ ತಾಗುವವರೆಗೆ ಡೀಸೆಲ್ ಹಾಕಿಸದೆ, ಲೋಡ್ ಸಮೇತ ಅದೇ ಏರು ಹತ್ತಿಸಿದೆ. ಒಂದು ಸಲವೂ ಜಗ್ಗಲಿಲ್ಲ.