ಭುಜದ ಆಪರೇಶನ್ ಆದ ಮೇಲೆ: ತಮ್ಮನಿಗೊಂದು ಲೆಕ್ಕ, ಅಕ್ಕನಿಗೊಂದು ಲೆಕ್ಕ

ನನ್ನ ಭುಜ ಜಾರಿದ್ದು ಕಬಡ್ಡಿ ಆಡುವಾಗ. ಅಕ್ಕನದು ಅಟ್ಟದ ಮೇಲಿಂದ ಡಬ್ಬಿ ಇಳಿಸುವಾಗ. ಇಬ್ಬರಿಗೂ ಕಲಬುರಗಿಯಲ್ಲೇ ಆಪರೇಶನ್ ಆಯಿತು, ಇಬ್ಬರ ಕೈಗೂ ಒಂದೇ ಹಾಳೆ ಕೊಟ್ಟು ಕಳಿಸಿದರು. ಚೆಂಡು ಎಸೆಯುವುದು ಯಾವಾಗ, ಜಿಮ್ ಯಾವಾಗ ಅಂತ ಅದರಲ್ಲಿತ್ತು. ರೊಟ್ಟಿ ಬಡಿಯುವುದು ಯಾವಾಗ ಅಂತ ಒಂದು ಸಾಲೂ ಇರಲಿಲ್ಲ.

ಭುಜ ಮತ್ತೆ ಜಾರದ ಹಾಗೆ ಒಳಗೆ ಹರಿದದ್ದನ್ನು ಹೊಲಿಯುವ ಈ ಆಪರೇಶನ್ ಮಾಡಿಸಿಕೊಳ್ಳುವವರಲ್ಲಿ ಗಂಡಸರೇ ಜಾಸ್ತಿ, ಹಾಗಾಗಿ ಸಲಹೆಯೂ ಅವರ ಅಳತೆಗೇ ಹೊಲಿದದ್ದು. ಒಳಗಿನ ಹೊಲಿಗೆ ಹೆಂಗಸರಲ್ಲೂ ಹೆಚ್ಚು ಕಮ್ಮಿ ಅಷ್ಟೇ ಗಟ್ಟಿಯಾಗಿ ನಿಲ್ಲುತ್ತದೆ. ಆದರೆ ನೋವು ಇನ್ನೂ ಇದೆ, ಕೈ ಮೇಲೆ ಭರವಸೆ ಬರುತ್ತಿಲ್ಲ ಅನ್ನುವ ಮಾತು ಕೆಲವು ಅಧ್ಯಯನಗಳಲ್ಲಿ ಹೆಂಗಸರಿಂದಲೇ ಜಾಸ್ತಿ ಬಂದಿದೆ. ಭುಜ ಮತ್ತೆ ಜಾರುವ ಅಪಾಯ ಹೆಚ್ಚಿರುವುದು 20 ವರ್ಷ ದಾಟದ, ಮೈಗೆ ಮೈ ತಾಗುವ ಆಟ ಆಡುವ ಹುಡುಗರಿಗೆ.

ಆಪರೇಶನ್‌ಗೆ ಮೊದಲೇ ಒಂದು ಪರೀಕ್ಷೆ ಮನೆಯಲ್ಲೇ ಮಾಡಿ ನೋಡಿ, ಇದಕ್ಕೆ ಬೈಟನ್ ಸ್ಕೋರ್ ಅಂತಾರೆ. ಕಿರುಬೆರಳು ಹಿಂದಕ್ಕೆ 90 ಡಿಗ್ರಿ ದಾಟುತ್ತಾ? ಹೆಬ್ಬೆರಳು ಮಡಚಿದರೆ ಮುಂಗೈಗೆ ತಾಗುತ್ತಾ? ಮೊಣಕೈ, ಮೊಣಕಾಲು ಹಿಂದಕ್ಕೆ ಬಾಗುತ್ತವಾ? ಎಡಕ್ಕೊಂದು, ಬಲಕ್ಕೊಂದು ಅಂಕ. ಮೊಣಕಾಲು ಮಡಚದೆ ಅಂಗೈ ನೆಲಕ್ಕೆ ಊರಿದರೆ ಇನ್ನೊಂದು. ಒಟ್ಟು 9. ಐದು ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಮೈಯ ಕೀಲೆಲ್ಲ ಸಡಿಲ ಅಂತ ಅರ್ಥ, ಡಾಕ್ಟರಿಗೆ ತಪ್ಪದೆ ಹೇಳಿ. ಹೆಂಗಸರಲ್ಲಿ ಇದು ಜಾಸ್ತಿ. ಅಕ್ಕನಿಗೆ 6 ಬಂತು, ನನಗೆ 1.

ಇನ್ನು ಬಟ್ಟೆ. ಸ್ಲಿಂಗ್, ಅಂದ್ರೆ ಕೈಯನ್ನು ಕೊರಳಿಗೆ ತೂಗುಹಾಕುವ ಪಟ್ಟಿ, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಇರುತ್ತದೆ, ಹಾಗಾಗಿ ಮುಂದೆ ಗುಂಡಿ ಇರುವ ನೈಟಿ, ಮುಂದೆ ಹುಕ್ ಇರುವ ಬ್ರಾ ಮೊದಲೇ ತಂದಿಡಿ, ಯಾಕಂದ್ರೆ ಬೆನ್ನ ಹಿಂದೆ ಕೈ ಒಯ್ಯುವುದು ಎಷ್ಟೋ ದಿನ ಆಗುವುದಿಲ್ಲ. ತೊಡುವಾಗ ಆಪರೇಶನ್ ಆದ ಕೈ ಮೊದಲು, ಬಿಚ್ಚುವಾಗ ಅದೇ ಕೊನೆಗೆ. ನಮ್ಮ ಬೇಸಿಗೆ ಗೊತ್ತಲ್ಲ, ಕಂಕುಳಲ್ಲಿ ಮೆತ್ತನೆ ಹತ್ತಿಬಟ್ಟೆ ಮಡಚಿಡಿ, ಬೆವರಿದಾಗ ಬದಲಿಸಿ.

ಕೈ ಮೇಲೆತ್ತಿ ಹಿಂದಕ್ಕೆ ತಿರುಗಿಸುವ ಭಂಗಿಯೇ ಅಪಾಯ. ಚೆಂಡು ಎಸೆಯುವುದು ಒಂದೇ ಅಲ್ಲ, ಜಡೆ ಹಾಕಿಕೊಳ್ಳುವುದೂ ಅದೇ, ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಂತು ಬ್ರೇಕಿಗೆ ಜೋತಾಡುವುದೂ ಅದೇ. ಜಡೆ ಮಗಳ ಕೈಲಿ ಹಾಕಿಸಿಕೊಳ್ಳಿ. ಬಸ್ಸಿನಲ್ಲಿ ಸೀಟು ಕೇಳಿ, ನಾಚಿಕೆ ಬೇಡ.

ಜೋಳದ ಹಿಟ್ಟು ನಾದುವಾಗ ಮೈಭಾರವೆಲ್ಲ ಭುಜಕ್ಕೆ ಬೀಳುತ್ತದೆ, ಇದನ್ನ ಫಿಸಿಯೋ (ವ್ಯಾಯಾಮ ಮಾಡಿಸುವವರು) ಎದುರು ಮಾಡಿ ತೋರಿಸಿ ಯಾವಾಗಿಂದ ಅಂತ ಕೇಳಿ, ಬಾಯಿಮಾತಲ್ಲಿ ಹೇಳಿದರೆ ಅವರಿಗೆ ತಿಳಿಯುವುದಿಲ್ಲ. ಅಕ್ಕ ನಾಲ್ಕನೇ ತಿಂಗಳಲ್ಲಿ ದಿನಕ್ಕೆ ಎರಡು ರೊಟ್ಟಿಯಿಂದ ಶುರು ಮಾಡಿದಳು. ಅಲ್ಲಿಯವರೆಗೆ ಭಾವ ಬಡಿದ ರೊಟ್ಟಿ ತಿಂದೆವು, ಅಂಚೆಲ್ಲ ಸೀಳಿರುತ್ತಿತ್ತು.

ತಮ್ಮಂದಿರಿಗೆ ಬೇರೆಯೇ ಕಾಯಿಲೆ. ಮೂರನೇ ತಿಂಗಳಿಗೆ ನೋವು ಹೋಗುತ್ತದೆ, ಆಗ ತೊಗರಿ ಚೀಲಕ್ಕೆ ಕೈ ಹಾಕುತ್ತಾರೆ. ನಾನೂ ಹಾಕಿದ್ದೆ, ಎರಡು ವಾರ ನೋವು ತಿಂದೆ. ಮೈಗೆ ಮೈ ತಾಗುವ ಆಟಕ್ಕೆ ಸುಮಾರು ಆರು ತಿಂಗಳು ಬೇಕು, ಅದೂ ಡಾಕ್ಟರು ಎರಡೂ ಕೈಯ ಬಲ ಹೋಲಿಸಿ ನೋಡಿ ಹೂಂ ಅಂದ ಮೇಲೆ.